ಓದುಗರ ಪ್ರಶ್ನೆ, ನಮ್ಮ ಉತ್ತರ: ಸ್ಪೋರ್ಟ್ಸ್ ಕಾರಿನ ಫ್ಯೂಯೆಲ್ ಪಂಪ್ ಬದಲಿಸುವ ಮುನ್ನ

ಪ್ರಶ್ನೆ: ನನ್ನ ಬಳಿ 1.6 ಲೀಟರ್ ಎಂಜಿನ್ನಿನ, ಮೊದಲ ತಲೆಮಾರಿನ ಮಾಜ್ದಾ ಎಂಎಕ್ಸ್-5 ಕಾರು ಇದೆ. ಕೆಲವು ವಾರಗಳಿಂದ ಏರಿನಲ್ಲಿ ಎಕ್ಸಿಲರೇಟರ್ ಪೂರ್ತಿ ಒತ್ತಿದಾಗ 5000 ಆರ್‌ಪಿಎಂ ದಾಟುತ್ತಿದ್ದಂತೆ ಎಂಜಿನ್ ಮಿಸ್ ಹೊಡೆಯುತ್ತದೆ. ಕಾಲು ಸಡಿಲಿಸಿದರೆ ಸರಿಹೋಗುತ್ತದೆ. ಬಿಸಿ ಎಂಜಿನ್ ನಿಲ್ಲಿಸಿ ಅರ್ಧ ಗಂಟೆ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಲು ಹೋದರೆ ಬಹಳ ಹೊತ್ತು ಸೆಲ್ಫ್ ಹೊಡೆಯಬೇಕಾಗುತ್ತದೆ. ಫ್ಯೂಯೆಲ್ ಪಂಪ್ ಹೋಗಿದೆ ಎಂದು ಮೆಕ್ಯಾನಿಕ್ ಹೇಳಿದ್ದಾರೆ. ಹೊಸ ಪಂಪ್ ತರಿಸಿಟ್ಟಿದ್ದೇನೆ. ಇದನ್ನು ಸ್ವತಃ ಬದಲಿಸಬಹುದೇ? ಯಾವ ಎಚ್ಚರಿಕೆ ಬೇಕು?

ಉತ್ತರ: ಸ್ವತಃ ಬದಲಿಸಬಹುದು. ಸ್ಪೋರ್ಟ್ಸ್ ಕಾರುಗಳ ಪೈಕಿ ಈ ಕೆಲಸಕ್ಕೆ ನಿಮ್ಮ ಕಾರಿನಷ್ಟು ಅನುಕೂಲ ಮಾಡಿಕೊಡುವವು ಕಡಿಮೆ. ಆದರೆ ಹೊಸ ಪಂಪನ್ನು ಡಬ್ಬಿಯಿಂದ ಹೊರತೆಗೆಯುವ ಮೊದಲು, ಹಳೆಯದು ನಿಜಕ್ಕೂ ಕೆಟ್ಟಿದೆಯೇ ಎಂಬುದನ್ನು ಅಳೆದು ಖಚಿತಪಡಿಸಿಕೊಳ್ಳಿ. ನೀವು ಬರೆದಿರುವ ಎರಡು ಲಕ್ಷಣಗಳೂ ಪಂಪಿನ ಮೇಲೆ ಅನುಮಾನ ಹುಟ್ಟಿಸುತ್ತವೆ, ನಿಜ. ಆದರೆ ಕಟ್ಟಿಕೊಂಡ ಫಿಲ್ಟರ್, ಸೋತ ರಿಲೇ (ಪಂಪಿಗೆ ಕರೆಂಟ್ ಹಾಯಿಸುವ ವಿದ್ಯುತ್ ಸ್ವಿಚ್), ತುಕ್ಕು ಹಿಡಿದ ಅರ್ತ್ ವೈರು, ಗಾಳಿಯಾಡದ ಟ್ಯಾಂಕ್ ವೆಂಟ್, ಟ್ಯಾಂಕಿನೊಳಗೆ ಬಿರುಕು ಬಿಟ್ಟ ಒಂದು ಗೇಣುದ್ದದ ಹೋಸ್, ಇವುಗಳಲ್ಲಿ ಯಾವುದೇ ಒಂದು ಇಂಥದೇ ತೊಂದರೆ ಕೊಡಬಲ್ಲದು. ಎಂಎಕ್ಸ್-5ರಲ್ಲಿ ಹಳತಾದ ಸ್ಪಾರ್ಕ್ ಪ್ಲಗ್ ಕೇಬಲ್‌ಗಳು ಕೂಡ ಎಂಜಿನ್ ಮೇಲೆ ಭಾರ ಬಿದ್ದಾಗ ಹೀಗೆಯೇ ಮಿಸ್ ಹೊಡೆಸುತ್ತವೆ. ಕಾರಣ ತಿಳಿಯದೆ ಪಂಪ್ ಬದಲಿಸಿದರೆ ಹಣ ಹೋಗುವುದಷ್ಟೇ ಅಲ್ಲ, ಹಳೆಯ ಪಂಪನ್ನು ಕೊಂದ ಕಾರಣ ಹೊಸದನ್ನೂ ಕೊಲ್ಲಲು ಅಲ್ಲಿಯೇ ಕಾದಿರುತ್ತದೆ.

ಖರ್ಚಿಲ್ಲದ ಪರೀಕ್ಷೆಗಳನ್ನು ಮೊದಲು ಮಾಡಿ. ತೊಂದರೆ ಕಾಣಿಸಿಕೊಂಡ ಕೂಡಲೇ ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಟ್ಯಾಂಕಿನ ಮುಚ್ಚಳ ತೆರೆಯಿರಿ. ಗಾಳಿ ಜೋರಾಗಿ ಒಳಕ್ಕೆ ಎಳೆದುಕೊಂಡ ಸದ್ದು ಕೇಳಿ, ಅನಂತರ ಕಾರು ಸರಿಯಾಗಿ ಓಡಿದರೆ ವೆಂಟ್ ಕಟ್ಟಿಕೊಂಡಿದೆ ಎಂದರ್ಥ. ಪಂಪಿಗೆ ಕೈ ಹಾಕುವುದೇ ಬೇಡ. ಮುಂದಿನದು ಪಂಪಿನ ಸದ್ದು. ಅನೇಕ ಕಾರುಗಳಲ್ಲಿ ಕೀಲಿ ತಿರುಗಿಸಿದ ಕೂಡಲೇ ಪಂಪ್ ಒಂದೆರಡು ಸೆಕೆಂಡ್ ಓಡಿ ನಿಲ್ಲುತ್ತದೆ. ನಿಮ್ಮ 1.6 ಲೀಟರ್ ಎಂಜಿನ್ನಿನಲ್ಲಿ ಹಾಗಲ್ಲ, ಸ್ಟಾರ್ಟರ್ ತಿರುಗುವಾಗ ಅಥವಾ ಎಂಜಿನ್ನಿಗೆ ಹೋಗುವ ಗಾಳಿಯನ್ನು ಅಳೆಯುವ ಏರ್‌ಫ್ಲೋ ಮೀಟರಿನ ಬಾಗಿಲು ಗಾಳಿಯ ಎಳೆತಕ್ಕೆ ತೆರೆದುಕೊಂಡಾಗ ಮಾತ್ರ ಪಂಪಿಗೆ ಕರೆಂಟ್ ಸಿಗುತ್ತದೆ. ಕೀಲಿ ತಿರುಗಿಸಿದಾಗ ಸದ್ದು ಬರಲಿಲ್ಲವೆಂದು ಪಂಪ್ ಸತ್ತಿದೆ ಎಂದು ತೀರ್ಮಾನಿಸಬೇಡಿ. ಬಾನೆಟ್ ಅಡಿಯಲ್ಲಿರುವ ಡಯಾಗ್ನೋಸಿಸ್ ಪೆಟ್ಟಿಗೆಯಲ್ಲಿ 'ಎಫ್/ಪಿ' ಮತ್ತು 'ಜಿಎನ್‌ಡಿ' ಎಂದು ಗುರುತಿಸಿದ ಎರಡು ಟರ್ಮಿನಲ್‌ಗಳನ್ನು ಒಂದು ತುಂಡು ವೈರಿನಿಂದ ಸೇರಿಸಿ ಕೀಲಿ ಆನ್ ಮಾಡಿದರೆ, ಎಂಜಿನ್ ಓಡದಿದ್ದರೂ ಪಂಪ್ ಓಡುತ್ತದೆ. ಸೀಟುಗಳ ಹಿಂಬದಿಗೆ ಕಿವಿಗೊಟ್ಟು ಆಲಿಸಿ. ಒಂದೇ ಶ್ರುತಿಯ ಸಣ್ಣ ಗುಂಯ್‌ಗುಡುವಿಕೆ ಆರೋಗ್ಯದ ಲಕ್ಷಣ. ಏರಿಳಿಯುವ ಕರ್ಕಶ ಸದ್ದು ಬಂದರೆ ಪಂಪ್ ಸವೆದಿದೆ ಅಥವಾ ಅದಕ್ಕೆ ಪೆಟ್ರೋಲ್ ಸರಿಯಾಗಿ ಸಿಗುತ್ತಿಲ್ಲ.

ಸದ್ದು ಸಾಕ್ಷಿಯಷ್ಟೇ, ತೀರ್ಪು ಕೊಡಬೇಕಾದದ್ದು ಪ್ರೆಷರ್ ಗೇಜ್. ಫಿಲ್ಟರ್ ದಾಟಿದ ಮೇಲಿನ ಪೈಪಿಗೆ ಗೇಜ್ ಜೋಡಿಸಿ ಎಂಜಿನ್ ಐಡ್ಲಿಂಗ್‌ನಲ್ಲಿರಲಿ. ಪೆಟ್ರೋಲಿನ ಒತ್ತಡವನ್ನು ಹದದಲ್ಲಿಡುವ ರೆಗ್ಯುಲೇಟರಿನ ವ್ಯಾಕ್ಯೂಮ್ ಹೋಸ್ ತೆಗೆದಾಗ ನಿಮ್ಮ ಕಾರಿನಲ್ಲಿ ಸುಮಾರು 2.7ರಿಂದ 3.2 ಬಾರ್ ಒತ್ತಡ ಇರಬೇಕು, ಹೋಸ್ ಮತ್ತೆ ಸಿಕ್ಕಿಸಿದರೆ ಅರ್ಧ ಬಾರಿನ ಆಸುಪಾಸು ಇಳಿಯಬೇಕು. ಒತ್ತಡ ಕಡಿಮೆ ಇದ್ದರೆ, ಎಂಜಿನ್ನಿನಿಂದ ಟ್ಯಾಂಕಿಗೆ ಮರಳುವ ರಬ್ಬರ್ ಹೋಸನ್ನು ಅದಕ್ಕೆಂದೇ ಇರುವ ಕ್ಲಾಂಪಿನಿಂದ ಒಂದು ಕ್ಷಣ ಮಾತ್ರ ಅದುಮಿ ನೋಡಿ. ಗೇಜಿನ ಮುಳ್ಳು ಥಟ್ಟನೆ ಮೇಲೇರಿದರೆ ಪಂಪಿನಲ್ಲಿ ಶಕ್ತಿ ಇದೆ, ದೋಷ ರೆಗ್ಯುಲೇಟರಿನಲ್ಲಿದೆ. ಮುಳ್ಳು ಅಲುಗದಿದ್ದರೆ ದೋಷ ಫಿಲ್ಟರಿನಿಂದ ಹಿಂದಕ್ಕೆ ಇದೆ. ಹೋಸ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಅದುಮಬೇಡಿ, ಮೊದಲು ಅದನ್ನೇ ಬದಲಿಸಿ. ಐಡ್ಲಿಂಗ್‌ನಲ್ಲಿ ಒತ್ತಡ ಸರಿ ಇದ್ದು, ಏರಿನಲ್ಲಿ ಪೂರ್ತಿ ರೇಸ್ ಮಾಡಿದಾಗ ಕುಸಿದರೆ, ಫಿಲ್ಟರ್ ಕಟ್ಟಿಕೊಂಡಿದೆ ಅಥವಾ ಪಂಪ್ ಸೋತಿದೆ. ಈ ಪರೀಕ್ಷೆಗೆ ಗೇಜನ್ನು ವಿಂಡ್‌ಸ್ಕ್ರೀನಿನ ಹೊರಭಾಗಕ್ಕೆ ಟೇಪಿನಿಂದ ಭದ್ರಪಡಿಸಿ ಓಡಿಸಿ. ಪೆಟ್ರೋಲ್ ತುಂಬಿದ ಗೇಜನ್ನು ಯಾವ ಕಾರಣಕ್ಕೂ ಕಾರಿನೊಳಗೆ ತರಬೇಡಿ.

ಬಿಸಿಯಲ್ಲಿ ಸ್ಟಾರ್ಟ್ ಆಗದಿರುವುದಕ್ಕೂ ಇದೇ ಗೇಜ್ ಉತ್ತರ ಕೊಡುತ್ತದೆ. ಎಂಜಿನ್ ನಿಲ್ಲಿಸಿದ ಮೇಲೂ ಪೈಪಿನಲ್ಲಿ ಒತ್ತಡ ಉಳಿದಿರಬೇಕು, ಏಕೆಂದರೆ ಒತ್ತಡ ಇಳಿದ ಪೆಟ್ರೋಲ್ ಎಂಜಿನ್ನಿನ ಕಾವಿಗೆ ಆವಿಯಾಗಿ ಇಂಜೆಕ್ಟರ್‌ಗಳಲ್ಲಿ ಗುಳ್ಳೆ ತುಂಬುತ್ತದೆ. ಒತ್ತಡವನ್ನು ಹಿಡಿದಿಡುವುದು ಪಂಪಿನ ಬಾಯಲ್ಲಿರುವ ಚಿಕ್ಕ ಚೆಕ್ ವಾಲ್ವ್, ಅಂದರೆ ಪೆಟ್ರೋಲನ್ನು ಒಂದೇ ದಿಕ್ಕಿಗೆ ಬಿಡುವ ಕವಾಟ. ಎಂಜಿನ್ ನಿಲ್ಲಿಸಿದ ಕೂಡಲೇ ಪಂಪಿನಿಂದ ಬರುವ ಹೋಸ್ ಅದುಮಿದಾಗ ಮುಳ್ಳು ನಿಂತರೆ ಸೋರಿಕೆ ಪಂಪಿನ ಕಡೆ; ಮರಳುವ ಹೋಸ್ ಅದುಮಿದಾಗ ನಿಂತರೆ ರೆಗ್ಯುಲೇಟರ್; ಎರಡಕ್ಕೂ ಬಗ್ಗದಿದ್ದರೆ ಇಂಜೆಕ್ಟರ್‌ಗಳಲ್ಲಿ ಒಂದು ತೊಟ್ಟಿಕ್ಕುತ್ತಿರಬಹುದು.

ಇನ್ನು ಉಳಿದದ್ದು ಕರೆಂಟಿನ ಲೆಕ್ಕ. ಬಹುಪಾಲು ಜನ ಇದನ್ನು ಬಿಟ್ಟೇಬಿಡುತ್ತಾರೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯಲ್ಲಿ 14 ವೋಲ್ಟ್ ಇದ್ದರೆ ಪಂಪಿನ ಕನೆಕ್ಟರಿನಲ್ಲೂ 13ಕ್ಕಿಂತ ಹೆಚ್ಚು ಕಾಣಬೇಕು. ಪಂಪ್ 6 ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ತುಕ್ಕು ಹಿಡಿದ ಒಂದು ಕನೆಕ್ಷನ್ ಕೇವಲ ಕಾಲು ಓಮ್ ತಡೆ ಒಡ್ಡಿದರೂ ಒಂದೂವರೆ ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ, ಪಂಪ್ ತಳ್ಳುವ ಪೆಟ್ರೋಲಿನ ಪ್ರಮಾಣ ಗಮನಾರ್ಹವಾಗಿ ಕುಗ್ಗುತ್ತದೆ. ಪಾಸಿಟಿವ್ ಕಡೆಯನ್ನೂ ಅರ್ತ್ ಕಡೆಯನ್ನೂ ಬೇರೆ ಬೇರೆಯಾಗಿ ಅಳೆಯಿರಿ. ಹಳೆಯ ಪೋರ್ಶೆ 944 ಮತ್ತು 911 ಕರೇರಾ 3.2 ಕಾರುಗಳಲ್ಲಿ ಪಂಪಿಗೆ ಕರೆಂಟ್ ಕೊಡುವ ಡಿಎಂಇ (ಎಂಜಿನ್ನಿನ ಕಂಪ್ಯೂಟರ್) ರಿಲೇಯ ಒಳಗಿನ ಬೆಸುಗೆ ಬಿರುಕು ಬಿಡುವುದು ಎಷ್ಟು ಸಾಮಾನ್ಯವೆಂದರೆ, ಅವುಗಳ ಮಾಲೀಕರು ಒಂದು ಹೆಚ್ಚುವರಿ ರಿಲೇಯನ್ನು ಕಾರಿನಲ್ಲೇ ಇಟ್ಟುಕೊಂಡಿರುತ್ತಾರೆ. ಹಳೆಯ ಫೋರ್ಡ್ ಮಸ್ಟಾಂಗ್‌ನಂಥ ಕಾರುಗಳಲ್ಲಿ ಅಪಘಾತವಾದಾಗ ಪಂಪ್ ನಿಲ್ಲಿಸುವ ಇನರ್ಷಿಯಾ ಸ್ವಿಚ್ ಡಿಕ್ಕಿಯಲ್ಲಿರುತ್ತದೆ. ಡಿಕ್ಕಿಯಲ್ಲಿಟ್ಟ ಸಾಮಾನು ಬಡಿದರೂ ಅದು ಜಿಗಿಯಬಹುದು. ಅದರ ಗುಂಡಿಯನ್ನು ಒತ್ತಿದರೆ ಮುಗಿಯಿತು.

ಇಷ್ಟೆಲ್ಲ ಅಳೆದ ಮೇಲೂ ಬೊಟ್ಟು ಪಂಪಿನ ಕಡೆಗೇ ಇದ್ದರೆ ಟ್ಯಾಂಕ್ ತೆರೆಯಿರಿ. ಆದರೆ ಪೆಟ್ರೋಲ್ ಆವಿಯ ಸ್ವಭಾವ ತಿಳಿದು ತೆರೆಯಿರಿ. ಗಾಳಿಯಲ್ಲಿ ಅದು ಶೇಕಡಾ 1.4ರಷ್ಟು ಸೇರಿದರೆ ಸಾಕು, ಹೊತ್ತಿಕೊಳ್ಳುತ್ತದೆ. ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವಾದ್ದರಿಂದ ನೆಲದ ಮೇಲೆ ಹರಡಿ ತಗ್ಗು ಹುಡುಕಿಕೊಂಡು ಹೋಗುತ್ತದೆ. ಪೆಟ್ರೋಲ್ ಮೈನಸ್ 40 ಡಿಗ್ರಿಯ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಹೀಗಾಗಿ ಕೆಲಸ ಬಯಲಿನಲ್ಲಿ ನಡೆಯಲಿ, ಗುಂಡಿಯ ಮೇಲೆ ಅಥವಾ ಮುಚ್ಚಿದ ಗ್ಯಾರೇಜಿನಲ್ಲಿ ಬೇಡ. ಬಲ್ಬಿನ ದೀಪದ ಬದಲು ಹಣೆಗೆ ಕಟ್ಟಿಕೊಳ್ಳುವ ಎಲ್‌ಇಡಿ ಟಾರ್ಚ್ ಬಳಸಿ, ಅದನ್ನೂ ಟ್ಯಾಂಕ್ ತೆರೆಯುವ ಮೊದಲೇ ಹಚ್ಚಿಕೊಳ್ಳಿ. ನೈಲಾನ್ ಬಟ್ಟೆ ಬೇಡ, ಹತ್ತಿಯದಿರಲಿ; ಟ್ಯಾಂಕ್ ಮುಟ್ಟುವ ಮೊದಲು ಕಾರಿನ ಬರಿಯ ಲೋಹವನ್ನು ಮುಟ್ಟಿ ಮೈಮೇಲಿನ ಸ್ಥಿರ ವಿದ್ಯುತ್ತನ್ನು ಇಳಿಸಿಕೊಳ್ಳಿ. ಡ್ರೈ ಪೌಡರ್ ಅಗ್ನಿಶಾಮಕ ಕೈಗೆಟಕುವಂತಿರಲಿ, ಜೊತೆಗೆ ಒಬ್ಬರು ಇರಲಿ. ಖಾಲಿ ಟ್ಯಾಂಕ್ ನಿರಪಾಯಕಾರಿ ಎಂಬ ನಂಬಿಕೆ ಪೂರ್ತಿ ತಪ್ಪು. ತುಂಬಿದ ಟ್ಯಾಂಕಿಗಿಂತ ಆವಿಯಷ್ಟೇ ಉಳಿದ ಟ್ಯಾಂಕ್ ಹೆಚ್ಚು ಅಪಾಯಕಾರಿ.

ಪೆಟ್ರೋಲ್ ಕಾಲು ಟ್ಯಾಂಕಿಗಿಂತ ಕೆಳಗಿರುವಾಗ ಕೆಲಸಕ್ಕೆ ತೊಡಗಿ. ಎಂಜಿನ್ ಓಡುತ್ತಿರುವಾಗಲೇ ಪಂಪಿನ ರಿಲೇಯ ಕನೆಕ್ಟರ್ ತೆಗೆದರೆ, ಪೈಪಿನಲ್ಲಿದ್ದ ಪೆಟ್ರೋಲ್ ಸುಟ್ಟು ಎಂಜಿನ್ ತಾನಾಗಿ ನಿಲ್ಲುತ್ತದೆ, ಒತ್ತಡ ಇಳಿಯುತ್ತದೆ. ಆ ಮೇಲೆ ಬ್ಯಾಟರಿಯ ನೆಗೆಟಿವ್ ಕಳಚಿ. ಸೀಟುಗಳ ಹಿಂದಿನ ಹಲಗೆಯ ಕಾರ್ಪೆಟ್ ಎತ್ತಿದರೆ ಸ್ಕ್ರೂಗಳಿಂದ ಬಿಗಿದ ತಗಡಿನ ಮುಚ್ಚಳ ಕಾಣುತ್ತದೆ, ಅದರಡಿಯಲ್ಲಿ ಪಂಪಿನ ತಟ್ಟೆ. ಆ ತಟ್ಟೆಯ ಸುತ್ತ ವರ್ಷಗಳ ಧೂಳು ಮತ್ತು ಮರಳು ಕುಳಿತಿರುತ್ತದೆ. ಟ್ಯಾಂಕ್ ಇನ್ನೂ ಮುಚ್ಚಿರುವಾಗಲೇ ಅದನ್ನು ವ್ಯಾಕ್ಯೂಮ್ ಕ್ಲೀನರಿನಿಂದ ಪೂರ್ತಿ ಎಳೆದು ತೆಗೆದು, ಯಂತ್ರವನ್ನು ದೂರ ಒಯ್ದುಬಿಡಿ, ಏಕೆಂದರೆ ಅದರ ಮೋಟಾರಿನ ಕಿಡಿ ಆವಿಯ ಹತ್ತಿರ ಇರಲೇಬಾರದು. ಹೋಸ್‌ಗಳಲ್ಲಿ ಯಾವುದು ಹೋಗುವುದು, ಯಾವುದು ಬರುವುದು ಎಂದು ಗುರುತು ಮಾಡಿಕೊಳ್ಳಿ. ಕಳಚುವಾಗ ಕೆಳಗೆ ಬಟ್ಟೆ ಹಿಡಿಯಿರಿ, ಕಣ್ಣಿಗೆ ಕನ್ನಡಕವಿರಲಿ.

ತಟ್ಟೆಗೆ ತಗುಲಿಕೊಂಡ ಪಂಪಿನ ಜೋಡಣೆಯನ್ನು ನೇರವಾಗಿ ಎಳೆಯದೆ, ಸ್ವಲ್ಪ ಓರೆ ಮಾಡಿ ತಿರುಗಿಸುತ್ತಾ ಮೇಲೆತ್ತಿ, ಒಳಗಿನ ಪೆಟ್ರೋಲ್ ಬಸಿದುಹೋಗುವವರೆಗೆ ಟ್ಯಾಂಕಿನ ಬಾಯಿಯ ಮೇಲೆಯೇ ಹಿಡಿದುಕೊಳ್ಳಿ. ಮಟ್ಟ ತೋರಿಸುವ ಫ್ಲೋಟ್ ಅದೇ ಜೋಡಣೆಗೆ ಅಂಟಿಕೊಂಡಿರುವ ಕಾರುಗಳಲ್ಲಿ ಅದರ ತೆಳು ಕಂಬಿ ಬಾಗದಂತೆ ನೋಡಿಕೊಳ್ಳಬೇಕು. ಬಾಗಿದರೆ ಪೆಟ್ರೋಲ್ ಮುಳ್ಳು ಮತ್ತೆಂದೂ ನಿಜ ಹೇಳುವುದಿಲ್ಲ. ಈಗ ಪಂಪಿನ ತಳದಲ್ಲಿರುವ ಬಲೆಯ ಚೀಲವನ್ನು ಬೆಳಕಿಗೆ ಹಿಡಿದು ನೋಡಿ. ಅದು ಕಂದು ಬಣ್ಣಕ್ಕೆ ತಿರುಗಿ, ಬೆರಳಿಗೆ ನುಣುಪಾದ ಪುಡಿ ಹತ್ತಿದರೆ ಟ್ಯಾಂಕಿನಲ್ಲಿ ತುಕ್ಕು ಇದೆ. ಪಂಪಿನಿಂದ ಮೇಲಿನ ಉಕ್ಕಿನ ಪೈಪಿಗೆ ಸೇರುವ ಗಿಡ್ಡ ಹೋಸನ್ನು ಬಾಗಿಸಿ ನೋಡಿ. ಅದರಲ್ಲಿ ಬಿರುಕು ಕಂಡರೆ, ಪಂಪ್ ತಳ್ಳಿದ ಪೆಟ್ರೋಲ್ ಎಂಜಿನ್ನಿಗೆ ಹೋಗದೆ ಟ್ಯಾಂಕಿಗೇ ಚಿಮ್ಮುತ್ತಿತ್ತು ಎಂದು ತಿಳಿಯಿರಿ. ಪಂಪ್ ಚೆನ್ನಾಗಿಯೇ ಇದ್ದಿರಬಹುದು.

ಆ ಹೋಸ್ ಬದಲಿಸುವಾಗ ಬಹಳ ಎಚ್ಚರ ಬೇಕು. ಬಾನೆಟ್ ಅಡಿಯಲ್ಲಿ ಬಳಸುವ ಇಂಜೆಕ್ಷನ್ ಹೋಸ್, ಎಷ್ಟೇ ಒಳ್ಳೆಯದಾಗಿದ್ದರೂ, ಒಳಗೆ ಮಾತ್ರ ಪೆಟ್ರೋಲ್ ಹರಿಯುವಂತೆ ಮಾಡಿದ್ದು. ಅದರ ಹೊರಪದರ ಪೆಟ್ರೋಲಿನಲ್ಲಿ ಮುಳುಗಿದರೆ ಉಬ್ಬಿ, ಮೆತ್ತಗಾಗಿ, ಬಿಟ್ಟುಕೊಳ್ಳುತ್ತದೆ. ಟ್ಯಾಂಕಿನೊಳಗೆ ಎಸ್‌ಎಇ ಜೆ30ಆರ್10 ದರ್ಜೆಯ, ಮುಳುಗಿರಲೆಂದೇ ತಯಾರಿಸಿದ ಹೋಸ್ ಹಾಕಬೇಕು. ಅದನ್ನು ಅಂಚು ಕೊರೆಯದ ಇಂಜೆಕ್ಷನ್ ಕ್ಲಾಂಪ್‌ಗಳಿಂದ ಬಿಗಿಯಬೇಕು. ವೈರುಗಳನ್ನು ಸುತ್ತಿ ಇನ್ಸುಲೇಷನ್ ಟೇಪ್ ಹಚ್ಚುವ ರೂಢಿ ಇಲ್ಲಿ ನಡೆಯದು, ಟೇಪಿನ ಅಂಟು ಪೆಟ್ರೋಲಿನಲ್ಲಿ ಕರಗಿ ಪಂಪಿನ ಬಲೆಗೇ ಮೆತ್ತಿಕೊಳ್ಳುತ್ತದೆ. ಪಂಪಿನ ಜೊತೆ ಬಂದ ಕನೆಕ್ಟರನ್ನೇ ಬಳಸಿ. ಪಾಸಿಟಿವ್ ನೆಗೆಟಿವ್ ಅದಲುಬದಲಾದರೆ ಪಂಪ್ ಹಿಮ್ಮುಖವಾಗಿ ತಿರುಗಿ ಸದ್ದನ್ನಷ್ಟೇ ಮಾಡುತ್ತದೆ, ಒತ್ತಡ ಏರುವುದಿಲ್ಲ. ಹೊಸ ಪಂಪಿನ ಬಲೆ ಹಳೆಯದು ಇದ್ದಷ್ಟೇ ಆಳಕ್ಕೆ ಮುಟ್ಟಬೇಕು. ಒಂದಂಗುಲ ಮೇಲಿದ್ದರೂ ಟ್ಯಾಂಕಿನಲ್ಲಿ ಪೆಟ್ರೋಲ್ ಇರುವಾಗಲೇ ಕಾರು ನಿಲ್ಲುತ್ತದೆ.

ತಟ್ಟೆಯ ಅಡಿಯ ಸೀಲು, ಅಂದರೆ ಗ್ಯಾಸ್ಕೆಟ್ ಅಥವಾ ಓ-ರಿಂಗ್, ಹೊಸದೇ ಆಗಬೇಕು. ಹಳೆಯದು ಪೆಟ್ರೋಲ್ ಕುಡಿದು ಉಬ್ಬಿರುತ್ತದೆ, ಹೊರತೆಗೆದ ಮೇಲೆ ತನ್ನ ತೋಡಿನೊಳಗೆ ಮತ್ತೆ ಕೂರುವುದಿಲ್ಲ. ಸಾಮಾನ್ಯ ಸಿಲಿಕೋನ್ ಸೀಲಂಟ್ ಹಚ್ಚುವ ಯೋಚನೆಯೇ ಬೇಡ, ಪೆಟ್ರೋಲಿಗೆ ಅದು ತಾಳುವುದಿಲ್ಲ. ತಟ್ಟೆಯನ್ನು ಬಿಗಿದು, ಹೋಸ್‌ಗಳನ್ನು ಜೋಡಿಸಿ, ಫಿಲ್ಟರನ್ನೂ ಹೊಸದು ಹಾಕಿ, ಕಳಚಿದ್ದ ರಿಲೇಯ ಕನೆಕ್ಟರ್ ಮತ್ತು ಬ್ಯಾಟರಿಯನ್ನು ಮತ್ತೆ ಸೇರಿಸಿ, ಮೊದಲು ಹೇಳಿದ ಎರಡು ಟರ್ಮಿನಲ್‌ಗಳನ್ನು ಸೇರಿಸಿ ಪಂಪ್ ಓಡಿಸಿ. ಪ್ರತಿ ಜೋಡಣೆಯ ಸುತ್ತ ಒಣ ಬಿಳಿ ಕಾಗದ ಒತ್ತಿ, ತೇವ ಬರುತ್ತದೆಯೇ ನೋಡಿ. ತಗಡಿನ ಮುಚ್ಚಳವನ್ನು ಹಾಕುವುದು ಇದೆಲ್ಲ ಆದ ಮೇಲೆ. ಟ್ಯಾಂಕ್ ನಿಮ್ಮ ಬೆನ್ನ ಹಿಂದೆಯೇ ಇರುವ ಕಾರು ಇದು, ಪೆಟ್ರೋಲ್ ವಾಸನೆ ಸ್ವಲ್ಪ ಉಳಿದರೂ ಓಡಿಸಬೇಡಿ.

ಪ್ರಶ್ನೆ: ನನ್ನ ಹಳೆಯ ಸ್ಪೋರ್ಟ್ಸ್ ಕಾರಿಗೆ ಹಾಕಿಸಿದ ಹೊಸ ಪಂಪ್ ಕೆಲವೇ ತಿಂಗಳಲ್ಲಿ ಕೆಟ್ಟುಹೋಯಿತು. ಕಾರು ಓಡುವುದಕ್ಕಿಂತ ಮನೆಯಲ್ಲಿ ನಿಂತಿರುವುದೇ ಹೆಚ್ಚು. ಪಂಪಿನ ದೋಷವೇ?

ಉತ್ತರ: ನಕಲಿ ಪಂಪ್‌ಗಳು ಇರುವುದು ನಿಜ, ಆದ್ದರಿಂದ ಮೂಲ ತಯಾರಕರದ್ದೇ ಎಂದು ಖಚಿತವಾದ ಕಡೆಯೇ ಕೊಳ್ಳಬೇಕು. ಆದರೆ ನಿಮ್ಮ ಪತ್ರದ ಕೊನೆಯ ಮಾತು ನನ್ನ ಗಮನವನ್ನು ಟ್ಯಾಂಕಿನತ್ತ ಎಳೆಯುತ್ತದೆ. ತಿಂಗಳುಗಟ್ಟಲೆ ನಿಂತ ಕಾರಿನ ಉಕ್ಕಿನ ಟ್ಯಾಂಕಿನಲ್ಲಿ, ಪೆಟ್ರೋಲಿನ ಮಟ್ಟಕ್ಕಿಂತ ಮೇಲಿರುವ ಗೋಡೆಗೆ ಹಗಲು ರಾತ್ರಿಯ ಉಷ್ಣಾಂಶ ವ್ಯತ್ಯಾಸದಿಂದ ತೇವ ಹಿಡಿದು ತುಕ್ಕು ಏಳುತ್ತದೆ. ಪೆಟ್ರೋಲ್ ಹಳತಾಗಿ ಅಂಟಿನಂಥ ಪದಾರ್ಥವನ್ನು ಬಿಡುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವವನ್ನೂ ಹೀರಿಕೊಳ್ಳುತ್ತದೆ. ನೀರಿನ ಪ್ರಮಾಣ ಮಿತಿ ಮೀರಿದಾಗ ಎಥನಾಲ್ ಮತ್ತು ನೀರು ಒಟ್ಟಾಗಿ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಪಂಪ್ ಹೀರುವುದು ತಳದಿಂದಲೇ. ಎಥನಾಲನ್ನು ಲೆಕ್ಕಕ್ಕಿಟ್ಟುಕೊಳ್ಳದೆ ಮಾಡಿದ ಹಳೆಯ ರಬ್ಬರ್ ಹೋಸ್‌ಗಳು ಒಳಗಿಂದ ಉದುರಿ, ಆ ಕರಿಯ ಪುಡಿಯೂ ಇದಕ್ಕೆ ಸೇರುತ್ತದೆ.

ಟ್ಯಾಂಕಿನೊಳಗಿನ ಪಂಪ್ ತನ್ನ ಮೂಲಕ ಹರಿಯುವ ಪೆಟ್ರೋಲಿನಿಂದಲೇ ತಂಪಾಗುತ್ತದೆ, ಅದರಿಂದಲೇ ಜಾರುಗುಣವನ್ನೂ ಪಡೆಯುತ್ತದೆ. ಬಲೆ ಕಟ್ಟಿಕೊಂಡು ಹರಿವು ಕುಗ್ಗಿದರೆ ಅಥವಾ ಸದಾ ರಿಸರ್ವ್ ದೀಪ ಉರಿಯುತ್ತಿರುವಾಗಲೇ ಕಾರು ಓಡಿಸಿದರೆ ಆ ತಂಪು ತಪ್ಪುತ್ತದೆ. ಆದ್ದರಿಂದ ಮೂರನೆಯ ಪಂಪ್ ಹಾಕುವ ಮೊದಲು ಟ್ಯಾಂಕನ್ನು ಪೂರ್ತಿ ಬಸಿದು ಒಳಗೆ ನೋಡಿ. ತುಕ್ಕಿನ ಪದರ ಎದ್ದಿದ್ದರೆ ಟ್ಯಾಂಕ್ ಇಳಿಸಿ, ಇಂಥ ಕೆಲಸ ಬಲ್ಲವರಿಂದ ತೊಳೆಸಬೇಕು, ಇಲ್ಲವೇ ಬದಲಿಸಬೇಕು. ಟ್ಯಾಂಕಿಗೆ ಬೆಂಕಿಯ ಬೆಸುಗೆ ಹಾಕಿಸಲು ಯಾರಾದರೂ ಸುಲಭವಾಗಿ ಒಪ್ಪಿದರೆ ಅವರ ಕೈಗೆ ಅದನ್ನು ಕೊಡಬೇಡಿ. ಹಳೆಯ ಫಿಲ್ಟರಿನ ಪೆಟ್ರೋಲನ್ನು ಅದು ಒಳಬರುವ ತುದಿಯಿಂದ ಬಿಳಿ ಬಟ್ಟಲಿಗೆ ಸುರಿದು ನೋಡಿದರೆ ಟ್ಯಾಂಕಿನ ಸ್ಥಿತಿ ಅರ್ಧ ತಿಳಿಯುತ್ತದೆ.

ಆಂಪಿಯರ್ ಅಳೆಯುವ ಅಭ್ಯಾಸವೂ ಒಳ್ಳೆಯದು. ಸಾಮಾನ್ಯ ಇಂಜೆಕ್ಷನ್ ಪಂಪ್‌ಗಳು 4ರಿಂದ 8 ಆಂಪಿಯರ್ ಎಳೆಯುತ್ತವೆ. ಒತ್ತಡ ಕಡಿಮೆ ಇದ್ದು ಆಂಪಿಯರ್ ಹೆಚ್ಚಿದ್ದರೆ ಪಂಪ್ ಒಳಗೇ ಬಿಗಿದುಕೊಳ್ಳುತ್ತಿದೆ. ಎರಡೂ ಕಡಿಮೆ ಇದ್ದರೆ ವೈರಿಂಗ್ ಕಡೆ ನೋಡಿ.

ಪ್ರಶ್ನೆ: ಟ್ರ್ಯಾಕಿನಲ್ಲಿ ಉದ್ದನೆಯ ಬಲ ತಿರುವುಗಳಲ್ಲಿ ಮಾತ್ರ ನನ್ನ ಕಾರಿನ ಎಂಜಿನ್ ಕ್ಷಣಕಾಲ ಸತ್ತಂತಾಗುತ್ತದೆ. ರಸ್ತೆಯಲ್ಲಿ ಯಾವ ತೊಂದರೆಯೂ ಇಲ್ಲ. ಹೆಚ್ಚು ಶಕ್ತಿಯ ಪಂಪ್ ಹಾಕಿದರೆ ಸರಿಹೋಗುವುದೇ?

ಉತ್ತರ: ಆಗುವುದಿಲ್ಲ. ಪಂಪ್ ದೊಡ್ಡದಾದಷ್ಟೂ ತನ್ನ ಸುತ್ತಲಿನ ಪೆಟ್ರೋಲನ್ನು ಬೇಗ ಖಾಲಿ ಮಾಡಿಕೊಂಡು ತೊಂದರೆಯನ್ನು ಹೆಚ್ಚಿಸಲೂಬಹುದು. ಲೋಟದ ನೀರನ್ನು ಓರೆ ಮಾಡಿದಂತೆ ಟ್ಯಾಂಕಿನ ಪೆಟ್ರೋಲ್ ತಿರುವಿನ ಹೊರಬದಿಗೆ ಸರಿಯುತ್ತದೆ. ಎಷ್ಟು ಸರಿಯುತ್ತದೆ ಎಂಬುದನ್ನು ಲೆಕ್ಕ ಹಾಕಬಹುದು: ಪಕ್ಕದ ಎಳೆತ ಗುರುತ್ವದ ಅರ್ಧದಷ್ಟಿದ್ದರೆ ಪೆಟ್ರೋಲಿನ ಮೇಲ್ಮೈ ಸುಮಾರು 27 ಡಿಗ್ರಿ ಓರೆಯಾಗುತ್ತದೆ, ಗುರುತ್ವದಷ್ಟೇ ಆದರೆ 45 ಡಿಗ್ರಿ. ಒಳ್ಳೆಯ ಟೈರುಗಳಿರುವ ಸ್ಪೋರ್ಟ್ಸ್ ಕಾರು ಟ್ರ್ಯಾಕಿನಲ್ಲಿ ಈ ಎರಡನೆಯ ಅಂಕಿಯನ್ನು ಮುಟ್ಟುತ್ತದೆ. ಬಲ ತಿರುವಿನಲ್ಲಿ ಪೆಟ್ರೋಲ್ ಎಡಕ್ಕೆ ಸರಿಯುವುದರಿಂದ, ನಿಮ್ಮ ಪಂಪ್ ಟ್ಯಾಂಕಿನ ಬಲಭಾಗದಲ್ಲಿರಬೇಕು. ತಿರುವು ಉದ್ದವಾಗಿದ್ದಾಗ ಪಂಪಿನ ಸುತ್ತಲಿನ ಬುಟ್ಟಿಯಲ್ಲಿ ಉಳಿದ ಪೆಟ್ರೋಲ್ ಮುಗಿದು ಅದು ಗಾಳಿ ಹೀರುತ್ತದೆ.

ಇದು ಬರೀ ಕಿರಿಕಿರಿಯ ವಿಷಯವಲ್ಲ. ಪೂರ್ತಿ ರೇಸ್ ಮಾಡಿರುವಾಗ ಪೆಟ್ರೋಲ್ ಕಡಿಮೆಯಾಗಿ ಗಾಳಿ ಹೆಚ್ಚಾದರೆ ಸಿಲಿಂಡರಿನಲ್ಲಿ ನಾಕಿಂಗ್ (ಇಂಧನ ಅಕಾಲದಲ್ಲಿ ತಾನಾಗಿ ಸಿಡಿಯುವುದು) ಶುರುವಾಗಿ ಪಿಸ್ಟನ್ ಹಾಳಾಗಬಹುದು, ಟರ್ಬೋ ಎಂಜಿನ್ನಿನಲ್ಲಂತೂ ಬಹಳ ಬೇಗ. ಮೊದಲ ಪರಿಹಾರ ಸರಳವಾದದ್ದು: ಟ್ರ್ಯಾಕಿಗೆ ಇಳಿಯುವಾಗ ಟ್ಯಾಂಕ್ ಅರ್ಧಕ್ಕಿಂತ ಮೇಲಿರಲಿ. ತೂಕ ಉಳಿಸಲೆಂದು ಕಡಿಮೆ ಪೆಟ್ರೋಲ್ ಹಾಕಿಕೊಂಡು ಹೋಗುವುದನ್ನು ನಾನು ಒಪ್ಪುವುದಿಲ್ಲ. ಶಾಶ್ವತ ಪರಿಹಾರ ಬೇಕಾದರೆ ಸರ್ಜ್ ಟ್ಯಾಂಕ್ ಹಾಕಿಸಿ. ಮುಖ್ಯ ಟ್ಯಾಂಕಿನ ಪಂಪ್ ಕಡಿಮೆ ಒತ್ತಡದಲ್ಲಿ ಈ ಕಿರಿದಾದ, ಎತ್ತರದ ಪಾತ್ರೆಯನ್ನು ಸದಾ ತುಂಬಿಸಿಡುತ್ತದೆ. ಎಂಜಿನ್ನಿಗೆ ತಳ್ಳುವ ಪಂಪ್ ಅದರ ತಳದಿಂದ ಹೀರುತ್ತದೆ.

ಇತ್ತೀಚೆಗೆ ಪಂಪ್ ಬದಲಿಸಿದ ಮೇಲೆ ತೊಂದರೆ ಶುರುವಾಗಿದ್ದರೆ ಮಾತ್ರ ಬೇರೊಂದು ಕಾರಣ ನೋಡಬೇಕು. ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಎರಡೂ ಬದಿಗೆ ಜೀನಿನಂತೆ ಇಳಿಬಿದ್ದ ಟ್ಯಾಂಕುಗಳಲ್ಲಿ ಎರಡು ಹೊಂಡಗಳಿರುತ್ತವೆ, ಪಂಪ್ ಇರುವುದು ಒಂದರಲ್ಲಿ ಮಾತ್ರ. ಇನ್ನೊಂದರ ಪೆಟ್ರೋಲನ್ನು ಜೆಟ್ ಪಂಪ್ ಎಂಬ, ಮೋಟಾರಿಲ್ಲದ ಒಂದು ಸಣ್ಣ ಭಾಗ, ಹರಿವಿನ ಎಳೆತದಿಂದಲೇ ಈ ಕಡೆಗೆ ಸಾಗಿಸುತ್ತದೆ. ಜೋಡಿಸುವಾಗ ಅದರ ಹೋಸ್ ಕಳಚಿಕೊಂಡಿದ್ದರೆ ಒಂದು ಹೊಂಡ ತುಂಬಿರುವಾಗಲೇ ಇನ್ನೊಂದು ಬರಿದಾಗುತ್ತದೆ.

ಪ್ರಶ್ನೆ: ನನ್ನ ಟರ್ಬೋ ಕಾರನ್ನು 200 ಕಿಲೋವ್ಯಾಟ್ ಶಕ್ತಿಗೆ ಏರಿಸುತ್ತಿದ್ದೇನೆ. ಗಂಟೆಗೆ 255 ಲೀಟರಿನ ಪಂಪ್ ಸಾಕೇ, ಇನ್ನೂ ದೊಡ್ಡದು ಬೇಕೇ?

ಉತ್ತರ: ಲೆಕ್ಕ ಮಾಡೋಣ. ಟರ್ಬೋ ಎಂಜಿನ್ ಪೂರ್ತಿ ಭಾರದಲ್ಲಿ ಪ್ರತಿ ಕಿಲೋವ್ಯಾಟಿಗೆ ಗಂಟೆಗೆ ಸುಮಾರು 340 ಗ್ರಾಂ ಪೆಟ್ರೋಲ್ ಬಳಸುತ್ತದೆ ಎಂದು ಹಿಡಿದರೆ, 200 ಕಿಲೋವ್ಯಾಟಿಗೆ 68 ಕಿಲೋ ಆಗುತ್ತದೆ. ಪೆಟ್ರೋಲ್ ಲೀಟರಿಗೆ 0.74 ಕಿಲೋ ತೂಗುವುದರಿಂದ ಇದು ಗಂಟೆಗೆ 92 ಲೀಟರ್. ಕಾಲು ಭಾಗ ಮೀಸಲು ಸೇರಿಸಿದರೆ 115 ಲೀಟರ್. ಆದರೆ ಈ ಪ್ರಮಾಣ ಯಾವ ಒತ್ತಡದಲ್ಲಿ ಸಿಗಬೇಕು ಎಂಬುದು ಮುಖ್ಯ. ರೆಗ್ಯುಲೇಟರ್ 3 ಬಾರಿನದಾಗಿದ್ದು ಟರ್ಬೋ 1 ಬಾರ್ ಊದಿದರೆ ಪಂಪ್ ತಳ್ಳಬೇಕಾದದ್ದು 4 ಬಾರಿನ ವಿರುದ್ಧ, ಮತ್ತು ಒತ್ತಡ ಏರಿದಂತೆ ಪಂಪಿನ ಹರಿವು ಇಳಿಯುತ್ತದೆ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿರುವ ಅಂಕಿಯನ್ನು ಬಿಟ್ಟು, ತಯಾರಕರು ಕೊಡುವ ನಕ್ಷೆಯಲ್ಲಿ 4 ಬಾರ್ ಮತ್ತು ನಿಮ್ಮ ಕಾರಿನಲ್ಲಿ ಅಳೆದ ವೋಲ್ಟೇಜಿಗೆ ಎಷ್ಟು ಹರಿವು ಇದೆ ನೋಡಿ. ಪೆಟ್ರೋಲಿಗಾದರೆ ನೀವು ಹೇಳಿದ ಪಂಪ್ ಧಾರಾಳವಾಗಿ ಸಾಕು. ಶೇಕಡಾ 85 ಎಥನಾಲ್ ಇರುವ ಇಂಧನ ಬಳಸುವುದಾದರೆ ಮೂರನೇ ಒಂದು ಭಾಗದಷ್ಟಾದರೂ ಹೆಚ್ಚು ಬೇಕಾಗುತ್ತದೆ, ಪಂಪೂ ಅದಕ್ಕೆ ತಾಳುವಂಥದ್ದಾಗಿರಬೇಕು.

ಇನ್ನೂ ದೊಡ್ಡ ಪಂಪ್ ಹಾಕಿದರೆ ಬಳಕೆಯಾಗದ ಪೆಟ್ರೋಲೆಲ್ಲ ಸಣ್ಣ ರಿಟರ್ನ್ ಪೈಪಿನಲ್ಲಿ ಮರಳಲಾರದೆ ಐಡ್ಲಿಂಗ್‌ನಲ್ಲಿ ಒತ್ತಡ ಏರುತ್ತದೆ, ಸುತ್ತಿ ಸುತ್ತಿ ಪೆಟ್ರೋಲ್ ಬಿಸಿಯಾಗುತ್ತದೆ. ಹೆಚ್ಚು ಆಂಪಿಯರ್ ಎಳೆಯುವ ಪಂಪಿಗೆ ಹಳೆಯ ವೈರನ್ನೇ ನೆಚ್ಚಬೇಡಿ: ಬ್ಯಾಟರಿಯಿಂದ ಫ್ಯೂಸ್ ಸಹಿತ ದಪ್ಪ ವೈರು ಎಳೆದು, ಹಳೆಯ ವೈರಿನಿಂದ ರಿಲೇಯನ್ನು ಮಾತ್ರ ಚಾಲೂ ಮಾಡಿಸಿ. ಟೊಯೋಟಾ ಎಂಆರ್2 ಟರ್ಬೋದಂಥ ಕಾರುಗಳಲ್ಲಿ ಕಡಿಮೆ ಭಾರದಲ್ಲಿ ಪಂಪಿನ ವೋಲ್ಟೇಜ್ ಇಳಿಸುವ ರೆಸಿಸ್ಟರ್ ಇರುತ್ತದೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಪ್ರಶ್ನೆ: ಕಾರ್ಬ್ಯುರೇಟರ್ ಇರುವ ಹಳೆಯ ಸ್ಪೋರ್ಟ್ಸ್ ಕಾರು. ಬೇಸಿಗೆಯಲ್ಲಿ ಬಿಸಿಯಾಗಿ ನಿಂತುಬಿಡುತ್ತದೆ. ಎಂಜಿನ್ ಮೇಲಿನ ಮೆಕ್ಯಾನಿಕಲ್ ಪಂಪ್ ತೆಗೆದು, ಇಂಜೆಕ್ಷನ್ ಕಾರಿನ ಎಲೆಕ್ಟ್ರಿಕ್ ಪಂಪ್ ಹಾಕಬಹುದೇ?

ಉತ್ತರ: ಎಲೆಕ್ಟ್ರಿಕ್ ಪಂಪ್ ಹಾಕಬಹುದು, ಇಂಜೆಕ್ಷನ್ ಕಾರಿನದು ಖಂಡಿತ ಬೇಡ. ಕಾರ್ಬ್ಯುರೇಟರಿಗೆ ಬೇಕಾದದ್ದು 0.2ರಿಂದ 0.4 ಬಾರ್. 3 ಬಾರ್ ಬಂದರೆ ಒಳಬರುವ ಪೆಟ್ರೋಲನ್ನು ತಡೆಹಿಡಿಯುವ ನೀಡಲ್ ವಾಲ್ವ್ ತಡೆಯಲಾರದು, ಪೆಟ್ರೋಲ್ ಉಕ್ಕಿ ಬಿಸಿ ಎಕ್ಸಾಸ್ಟ್ ಮೇಲೆ ಸುರಿಯುತ್ತದೆ. ಕಾರ್ಬ್ಯುರೇಟರಿಗೆಂದೇ ಮಾಡಿದ ಕಡಿಮೆ ಒತ್ತಡದ ಪಂಪ್ ಕೊಳ್ಳಿ. ಅದನ್ನು ಟ್ಯಾಂಕಿನ ಹತ್ತಿರ, ಟ್ಯಾಂಕಿನ ತಳಕ್ಕಿಂತ ಕೆಳಗೆ, ಎಕ್ಸಾಸ್ಟಿನಿಂದ ದೂರ ಕೂರಿಸಿ. ಪೆಟ್ರೋಲಿನ ಹಗುರ ಭಾಗ 35–40 ಡಿಗ್ರಿಗೇ ಕುದಿಯಲು ತೊಡಗುತ್ತದೆ, ಪಂಪ್ ದೂರದಿಂದ ಹೀರುವಾಗ ಪೈಪಿನಲ್ಲಿ ಒತ್ತಡ ತಗ್ಗಿ ಇನ್ನೂ ಬೇಗ ಕುದಿಯುತ್ತದೆ. ನಿಮ್ಮ ಕಾರು ಬೇಸಿಗೆಯಲ್ಲಿ ನಿಲ್ಲುವುದು ಬಹುಶಃ ಇದರಿಂದಲೇ. ಪೋರ್ಶೆ 914ರಲ್ಲೂ ಮೊದಲು ಪಂಪ್ ಎಂಜಿನ್ನಿನ ಕಾವಿನ ಬಳಿಯಿದ್ದು ಇದೇ ತೊಂದರೆ ಕೊಟ್ಟದ್ದರಿಂದ, 1975ರ ಮಾದರಿಯಲ್ಲಿ ಅದನ್ನು ಮುಂಭಾಗಕ್ಕೆ, ಟ್ಯಾಂಕಿನ ಹತ್ತಿರಕ್ಕೆ ಸರಿಸಲಾಯಿತು. ಮೆಕ್ಯಾನಿಕಲ್ ಪಂಪ್ ಎಂಜಿನ್ ನಿಂತರೆ ತಾನೂ ನಿಲ್ಲುತ್ತದೆ, ಎಲೆಕ್ಟ್ರಿಕ್ ಪಂಪ್ ನಿಲ್ಲುವುದಿಲ್ಲ. ಆದ್ದರಿಂದ ಆಯಿಲ್ ಪ್ರೆಷರ್ ಸ್ವಿಚ್ ಅಥವಾ ಇನರ್ಷಿಯಾ ಸ್ವಿಚ್ ಮೂಲಕ ಕರೆಂಟ್ ಕೊಡುವುದು ಕಡ್ಡಾಯವೆಂದೇ ತಿಳಿಯಿರಿ.

ಪ್ರಶ್ನೆ: ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ನಿನ ಹೈ ಪ್ರೆಷರ್ ಪಂಪನ್ನೂ ಮನೆಯಲ್ಲೇ ಬದಲಿಸಬಹುದೇ?

ಉತ್ತರ: ಅನುಭವವಿಲ್ಲದಿದ್ದರೆ ಬೇಡ. ಟ್ಯಾಂಕಿನ ಪಂಪ್ ಕೊಡುವ 4–6 ಬಾರನ್ನು, ಎಂಜಿನ್ನಿನ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟಿನಿಂದ ಓಡುವ ಈ ಪಂಪ್ 200 ಬಾರ್ ಮತ್ತು ಅದಕ್ಕೂ ಮೇಲಕ್ಕೆ ಏರಿಸುತ್ತದೆ. ಆ ಒತ್ತಡದ ಸಣ್ಣ ಧಾರೆ ಚರ್ಮವನ್ನೇ ತೂರಿ ಒಳಹೋಗುತ್ತದೆ. ವರ್ಕ್‌ಶಾಪಿನಲ್ಲಿ ಮಾಡಿಸುವಾಗ ಮೂರು ವಿಷಯ ಕೇಳಿ ತಿಳಿದುಕೊಳ್ಳಿ: ಒತ್ತಡ ಇಳಿದಿದೆ ಎಂದು ಸ್ಕ್ಯಾನರಿನಲ್ಲಿ ನೋಡಿಯೇ ಪೈಪ್ ಬಿಚ್ಚಿದರೇ, ತಯಾರಕರು ಮರುಬಳಕೆ ಬೇಡವೆಂದ ಪೈಪನ್ನು ಹೊಸದು ಹಾಕಿದರೇ, ಮತ್ತು ಕ್ಯಾಮ್ ಹಾಗೂ ಪಂಪಿನ ನಡುವಿನ ಫಾಲೋವರನ್ನು (ಕ್ಯಾಮಿನ ತಳ್ಳುವಿಕೆಯನ್ನು ಪಂಪಿಗೆ ದಾಟಿಸುವ ಭಾಗ) ಹೊರತೆಗೆದು ಅದರ ಮುಖ ಸವೆದಿದೆಯೇ ಎಂದು ಪರೀಕ್ಷಿಸಿದರೇ. ಫೋಕ್ಸ್‌ವ್ಯಾಗನ್ ಮತ್ತು ಆಡಿಯ ಆರಂಭದ 2.0 ಟಿಎಫ್‌ಎಸ್‌ಐ ಎಂಜಿನ್‌ಗಳಲ್ಲಿ ಈ ಫಾಲೋವರ್ ಸವೆದು ತೂತಾಗಿ ಕ್ಯಾಮ್‌ಶಾಫ್ಟನ್ನೇ ಹಾಳುಮಾಡುತ್ತಿತ್ತು, ಹಾಗಾಗಿ ಅಂಥ ಕಾರಿದ್ದರೆ ಪಂಪ್ ಬಿಚ್ಚಿದಾಗಲೇ ಹೊಸ ಫಾಲೋವರ್ ಹಾಕಿಸಿ.